ಬಿಗಿಯಾದ ಟೋಪಿ

"ಕರಗೋಯ್ತಂತೆ ಕಣೇ! ಪೂರ್ತಿ! ಸ್ಕ್ಯಾನಲ್ಲಿ ಒಂದು ಚುಕ್ಕೆನೂ ಕಾಣಲ್ವಂತೆ!"

ಚಪ್ಪಲಿಯನ್ನೂ ಬಿಡದೆ ಗಂಡ ಬಾಗಿಲಲ್ಲೇ ಕೂಗಿದ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಟೈಲರಮ್ಮನ ಕಾಲು ನಿಂತಿತು. ಅರೆಗಳಿಗೆ ಅವಳಿಗೆ ಕರಗಿದ್ದು ತನ್ನ ಗಡ್ಡೆಯೇ ಅನ್ನಿಸಿಬಿಟ್ಟಿತು.

"ಯಾರದ್ದು?"

"ನಿನ್ನ ಲೆಕ್ಕದ ಮೇಡಂದು! ಔಷಧಿ ಅಂಗಡೀಲಿ ಅವರ ಮಗ ಸಿಕ್ಕಿದ್ದ."

ಟೈಲರಮ್ಮ ಮತ್ತೆ ಯಂತ್ರ ತುಳಿದಳು. ಹೊಲಿಗೆ ಸೊಟ್ಟಗೆ ಓಡಿತು. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಮೇಡಂ ಮತ್ತು ಅವಳು ಚಳಿಗಾಲವಿಡೀ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು, ಒಂದೇ ಔಷಧಿಯ ಡ್ರಿಪ್ ಹಾಕಿಸಿಕೊಂಡಿದ್ದರು. ಇಬ್ಬರ ಕ್ಯಾನ್ಸರೂ ಯಕೃತ್ತಿಗೆ ಹಬ್ಬಿತ್ತು. ಇಬ್ಬರ ಕೂದಲೂ ಉದುರಿತ್ತು. ಒಂದೇ ನೀಲಿ ಬಟ್ಟೆಯಲ್ಲಿ ಎರಡು ಟೋಪಿ ಹೊಲಿದವಳು ಇವಳೇ. ಆದರೆ ಹೋದ ವಾರದ ಸ್ಕ್ಯಾನಿನಲ್ಲಿ ಇವಳದ್ದು ಬೆನ್ನುಮೂಳೆಗೂ ಇಳಿದಿತ್ತು. "ನಂದೂ ಏನೂ ಕಮ್ಮಿಯಾಗಿಲ್ಲ ಬಿಡಿ" ಎಂದು ಮೇಡಂ ಫೋನಿನಲ್ಲಿ ಸಮಾಧಾನ ಹೇಳಿದ್ದರು.

"ಒಳ್ಳೇ ಸುದ್ದಿ ಅಲ್ವೇನೇ?" ಗಂಡನ ದನಿ ಇಳಿದಿತ್ತು.

"ಅಷ್ಟು ಖುಷಿಯಾಗಿದ್ರೆ ಹೋಗಿ, ಅವರ ಮನೇಲೇ ಊಟ ಮಾಡ್ಕೊಂಡು ಬನ್ನಿ."

ಕೊಟ್ಟ ಊಟ ಬಿಟ್ಟು, ನರ್ಸುಗಳ ಮೇಲೆ ರೇಗಿ, ಮಾತ್ರೆ ನುಂಗುವುದಿಲ್ಲವೆಂದು ಮಗುವಿನಂತೆ ಹಟ ಮಾಡುತ್ತಿದ್ದವರು ಮೇಡಂ. ಇವಳೋ, ಡಾಕ್ಟರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದಳು. ಔಷಧಿಗೂ ಮುಖ ನೋಡಿ ಮಣೆ ಹಾಕುವ ಬುದ್ಧಿಯೇ?

ಸಂಜೆ ಮೇಡಂ ಫೋನು ಬಂತು. ಎರಡು ಸಲ ಬಡಿದುಕೊಳ್ಳಲು ಬಿಟ್ಟು, ಮೂರನೆಯ ಸಲ ಎತ್ತಿದಳು.

"ಏನ್ರೀ, ಊಟ ಆಯ್ತಾ?"

"ಟೋಪಿ ಹೊಲಿದುಕೊಟ್ಟೋಳಿಗೇ ಟೋಪಿ ಹಾಕಿದ್ರಲ್ಲ ಮೇಡಂ."



"ಹೇಗ್ರೀ ಹೇಳ್ಲಿ?" ಎಂದರು ಮೇಡಂ. "ಮನೇಲಿ ಎಲ್ರೂ ಕುಣೀತಿದಾರೆ. ನಾನು ಬಚ್ಚಲಮನೇಲಿ ನಲ್ಲಿ ಬಿಟ್ಕೊಂಡು ಕೂತಿದ್ದೆ."

"ನಂಗೆ ಹೊಟ್ಟೆ ಉರೀತಿದೆ. ನಿಮ್ಮದು ಕರಗಬಾರದಿತ್ತು ಅನ್ನಿಸ್ತಿದೆ. ಈಗ್ಲೂ."

ನೀರಿನ ಲೋಟ ಹಿಡಿದು ಬಂದಿದ್ದ ಗಂಡ ಅಲ್ಲೇ ನಿಂತುಬಿಟ್ಟ.

"ಅನ್ನಿಸ್ಲಿ ಬಿಡ್ರೀ," ಎಂದರು ಮೇಡಂ. "ನಿಮ್ಮದು ಕರಗಿ ನಂದು ಉಳಿದಿದ್ರೆ, ನಿಮ್ಮ ಟೋಪೀನ ಒಲೆಗೆ ಹಾಕಿರ್ತಿದ್ದೆ."

"ಅಯ್ಯೋ! ಅದರ ಅಂಚು ಹೊಲಿಯೋಕೆ ನನ್ನ ಕಣ್ಣೇ ಬಿದ್ದೋಗಿತ್ತು!" ನಗು ನುಗ್ಗಿ ಬಂತು. ಬೆನ್ನು ಹಿಡಿದುಕೊಂಡು ನಕ್ಕಳು. "ಇನ್ನೂ ಹಾಕ್ಕೋತೀರಾ?"

"ಹೂಂ. ಆದ್ರೆ ಕೂದಲು ಬಂದಿದೆ ನೋಡಿ... ಬಿಗಿಯಾಗಿ ಹಣೆ ಒತ್ತುತ್ತೆ."

ಟೈಲರಮ್ಮನ ಕೈ ತನ್ನ ತಲೆಗೆ ಹೋಯಿತು. ಅಲ್ಲೂ ಒರಟಾಗಿ, ಕಾಲೊರಸಿನ ಹಾಗೆ, ಕೂದಲು ಚಿಗುರಿತ್ತು. ನಾಳೆಯಿಂದ ಹೊಸ ಔಷಧಿ. ಇದೂ ಉದುರುತ್ತದೆಂದು ಡಾಕ್ಟರು ಹೇಳಿದ್ದರು. ಯಂತ್ರದ ಖಾನೆ ಎಳೆದು, ಉಳಿದಿದ್ದ ನೀಲಿ ಬಟ್ಟೆಯ ತುಂಡನ್ನು ಹುಡುಕಿ ತೆಗೆದಳು. ಅದನ್ನೂ ಸೂಜಿದಾರವನ್ನೂ ಪುಟ್ಟ ಕತ್ತರಿಯನ್ನೂ ಆಸ್ಪತ್ರೆಯ ಚೀಲಕ್ಕೆ ಹಾಕಿದಳು.

"ಮೇಡಂ, ನಾಳೆ ಹತ್ತು ಗಂಟೆಗೆ ನನ್ನ ಡ್ರಿಪ್ಪು. ಬನ್ನಿ, ಟೋಪಿ ತನ್ನಿ. ಪಟ್ಟಿ ಕೊಟ್ಟು ಸಡಿಲ ಮಾಡ್ತೀನಿ."

"ಬರ್ತೀನಿ. ಬೇರೆ ಏನಾದ್ರೂ ತರ್ಲಾ?"

"ಏನೂ ಬೇಡ. ಕಿಟಕಿ ಪಕ್ಕದ ಕುರ್ಚಿ ಮಾತ್ರ ನಂದು. ಈ ಸಲ ಜಗಳ ಆಡಂಗಿಲ್ಲ."