ನಿದ್ದೆ ಎಂದುಕೊಳ್ಳಬೇಡಿ, ನರ್ಸನ್ನು ಕರೆಯಿರಿ

ಕೊರಿಯಾದ ಟೋಂಗ್‌ಯಂಗ್ ಬಂದರಿನಲ್ಲಿ ಸಮುದ್ರದ ಸಿಂಪಿ ಬಿಡಿಸುವ ಹೆಂಗಸರಲ್ಲಿ ನಮ್ಮಮ್ಮ ಬೊಂಗ್‌ನ್ಯೊಳ ಬಾಯಿಗೆ ಹೆದರದವರಿಲ್ಲ. ಪಿತ್ತಕೋಶದ ಆಪರೇಷನ್ ಆದ ಮರುದಿನವೇ, ಗಂಜಿಗೆ ಉಪ್ಪಿಲ್ಲವೆಂದು ವಾರ್ಡಿನಲ್ಲಿ ಜಗಳ ತೆಗೆದಿದ್ದಳು. ಅದರ ಮಾರನೆಯ ಮಧ್ಯಾಹ್ನ ಮಾತ್ರ ಗಂಜಿ ಮುಟ್ಟದೆ, ಯಾರನ್ನೂ ಬೈಯದೆ ಕಣ್ಣು ಮುಚ್ಚಿ ಮಲಗಿಬಿಟ್ಟಳು.

ನನಗೇಕೋ ಸರಿ ಕಾಣಲಿಲ್ಲ. ನರ್ಸನ್ನು ಕರೆಯುತ್ತೇನೆಂದರೆ ಅಣ್ಣ ಸಾಂಗ್‌ಗುಕ್ ತಡೆದ.

"ಸುಮ್ನಿರೇ. ಈಗಷ್ಟೇ ನಿದ್ದೆ ಹತ್ತಿದೆ. ಎಲ್ಲದಕ್ಕೂ ಕರೆದ್ರೆ ಅವರಿಗೂ ಬೇಜಾರಾಗಲ್ವಾ?"

ಅಷ್ಟರಲ್ಲಿ ನರ್ಸ್ ಹೇರಿಮ್ ತಾನಾಗಿಯೇ ಬಂದಳು. ಬಿಪಿ ನೋಡಿದಳು, ಸರಿಯಾಗಿಯೇ ಇತ್ತು. ಆದರೂ ಹೊರಡಲಿಲ್ಲ. ಗಡಿಯಾರ ನೋಡುತ್ತ ಅಮ್ಮನ ಉಸಿರು ಎಣಿಸಿದಳು. ಮೊಣಕಾಲು ತಣ್ಣಗಿದೆಯೇ ಎಂದು ಮುಟ್ಟಿದಳು. ಉಗುರು ಒತ್ತಿ ಬಿಟ್ಟು, ರಕ್ತದ ಬಣ್ಣ ಮರಳುವುದನ್ನೇ ಕಾದಳು; ಅದು ತಡವಾಗಿ ಮರಳಿತು. ಮೂತ್ರಕ್ಕೆ ಹೋದರೇ ಎಂದು ಕೇಳಿದಾಗ, ಬೆಳಿಗ್ಗೆಯಿಂದ ಇಲ್ಲವೆಂದೆ. ಆಮೇಲೆ ಅಮ್ಮನ ಕಿವಿಯ ಬಳಿ ಬಾಗಿ, ಈಗ ಎಲ್ಲಿದ್ದೀರಿ ಎಂದು ಕೇಳಿದಳು.

"ದೋಣಿ ಬಂತು, ಬುಟ್ಟಿ ತಗೊಂಬಾ," ಎಂದಳು ಅಮ್ಮ.

ಅಣ್ಣ ನಕ್ಕ. ಹೇರಿಮ್ ನಗಲಿಲ್ಲ, ನನ್ನತ್ತ ತಿರುಗಿದಳು.

"ಮನೇಲೂ ಹೀಗೆ ಮಾತಾಡ್ತಾರಾ ಅಕ್ಕ?"

"ಯಾವತ್ತೂ ಇಲ್ಲ. ನಮ್ಮಮ್ಮ ಹೀಗಲ್ಲ."

ನನ್ನ ಮಾತು ಮುಗಿಯುವ ಮೊದಲೇ ಅವಳು ಡಾಕ್ಟರನ್ನು ಕರೆಯುವ ಗೋಡೆಯ ಗುಂಡಿ ಒತ್ತಿದ್ದಳು. ಬಿಪಿ ಸರಿ ಇದೆಯಲ್ಲ ಎಂದ ಅಣ್ಣ.

"ಮೈ ಇದ್ದಬದ್ದ ಶಕ್ತಿ ಹಾಕಿ ಬಿಪಿ ಹಿಡಿದಿಟ್ಕೊಂಡಿದೆ ಅಣ್ಣ. ಅದು ಬೀಳೋವರೆಗೂ ಕಾಯಬಾರದು. ಉಸಿರು ಆಗಲೇ ಜೋರಾಗಿದೆ."

ಹೇಳುತ್ತಲೇ ಅಮ್ಮನ ಮೂಗಿಗೆ ಆಕ್ಸಿಜನ್ ಕೊಳವೆ ಇಟ್ಟಳು. ಡಾಕ್ಟರ್ ಓಡಿಬಂದರು. ಕಂಡದ್ದನ್ನೆಲ್ಲ ಅವಳು ನಾಲ್ಕೇ ಮಾತಿನಲ್ಲಿ ಹೇಳಿದಳು. ರಕ್ತ ತೆಗೆದರು, ಸಲೈನ್ ಹಚ್ಚಿದರು, ಸೋಂಕಿನ ಔಷಧಿ ಕೊಟ್ಟರು. ಹೊಟ್ಟೆಯೊಳಗೆ ಕೀವಾಗಿ ನಂಜು ರಕ್ತಕ್ಕೆ ಸೇರಿತ್ತು. ಸಂಜೆಯೊಳಗೆ ಮತ್ತೆ ಆಪರೇಷನ್ ಆಯಿತು. ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರ್.

ಹುಟ್ಟಿದಾಗಿನಿಂದ ಅಮ್ಮನ ಜೊತೆಗಿದ್ದ ನಾವು ನಿದ್ದೆ ಎಂದು ಸುಮ್ಮನಾಗಿದ್ದೆವು. ಆ ನರ್ಸ್ ಹುಡುಗಿಗೆ ಮುಚ್ಚಿದ ಕಣ್ಣಿನ ಹಿಂದೆ ಸೋಲುತ್ತಿದ್ದ ಜೀವ ಕಂಡಿತ್ತು.

ಅಮ್ಮ ಚೇತರಿಸಿಕೊಂಡ ಮೇಲೆ ಅಣ್ಣ ಹೇರಿಮಳ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ನಾವೇ ಕರೆದಿದ್ದರೆ ನಿಮಗೆ ತೊಂದರೆಯಾಗುತ್ತಿತ್ತೇ ಎಂದು ಮೆಲ್ಲಗೆ ಕೇಳಿದ.

"ಹತ್ತು ಸಲ ಸುಮ್ಸುಮ್ನೆ ಕರೆದ್ರೂ ಬರ್ತೀವಿ. ಹನ್ನೊಂದನೇ ಸಲ ಕರೀದೇ ಇರ್ಬೇಡಿ."

ಈಗ ಪರಿಚಯದವರು ಯಾರು ಆಸ್ಪತ್ರೆ ಸೇರಿದರೂ ಅಣ್ಣ ಇದನ್ನೇ ಹೇಳುತ್ತಾನೆ. ನಿಮಗೂ ಹೇಳುತ್ತಿದ್ದೇವೆ. ನಿಮ್ಮವರ ಉಸಿರು ಜೋರಾದರೆ, ಮಾತು ಹಳಿ ತಪ್ಪಿದರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ ಆಗಲೇ ನರ್ಸನ್ನು ಕರೆಯಿರಿ. ಏನಾಗಿದೆಯೆಂದು ಹೇಳಲು ಬರದಿದ್ದರೆ "ಇವರು ಎಂದಿನ ಹಾಗಿಲ್ಲ" ಎನ್ನಿ. ಅಷ್ಟು ಸಾಕು, ಅವರು ಬಂದು ನೋಡುತ್ತಾರೆ.