ಒಂದನೇ ಭಾಗವೇ ಮೇಲು

ಬೀಗ ಬೀಳುವ ಸದ್ದಿಗೆ ನಾವು ತಲೆ ಎತ್ತುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಊಟದ ಬಿಡುವು ಮುಗಿದು ಎರಡು ಗಂಟೆ ದಾಟಿತೆಂದರೆ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಗೆ ಹೊರಗಿನಿಂದ ಬೀಗ. ಟವೆಲು ಕಳವಾಗುತ್ತದಂತೆ. ನೂರ ನಲವತ್ತು ಕೋಣೆಗಳ ಟವೆಲು ಕದ್ದು ನಾವು ಎಷ್ಟು ಮೈ ಒರೆಸಿಕೊಳ್ಳಬೇಕಿತ್ತೋ.

ಆದರೆ ಆ ದಿನ ಮೂವರೂ ತಲೆ ಎತ್ತಿದೆವು. ಮ್ಯಾನೇಜರು ಬಾಗಿಲ ಆಚೆಯಿಂದಲೇ ಮಾತಾಡಿದ.

"ಐದು ಗಂಟೆಗೆ ಲೇಬರ್ ಇನ್‌ಸ್ಪೆಕ್ಟರ್ ಬರ್ತಾರೆ. ಅಷ್ಟರಲ್ಲಿ ಮೂರೂ ಹಾಳೆ ಸಹಿ ಮಾಡಿ ಬಾಗಿಲ ಕೆಳಗಿಂದ ತಳ್ಳಿ. ಹಾಳೆ ಬಂದ ತಕ್ಷಣ ಬೀಗ ತೆಗೀತೀನಿ."

ಹಾಳೆಯಲ್ಲಿ ಅಚ್ಚಾಗಿದ್ದುದು ಇಷ್ಟು: ಕೆಲಸದ ವೇಳೆಯಲ್ಲಿ ಲಾಂಡ್ರಿಗೆ ಬೀಗ ಹಾಕುವ ಪದ್ಧತಿ ಇಲ್ಲ. ಹದಿನೇಳನೇ ತಾರೀಕು ಬಾಗಿಲು ತೆರೆದೇ ಇತ್ತು. ಗಾಯಗೊಂಡವನು ತನ್ನ ಅಜಾಗರೂಕತೆಯಿಂದ ರೋಲರಿನೊಳಗೆ ಕೈ ಹಾಕಿದನು. ಬೀಗ ಹಾಕುವುದಿಲ್ಲ ಎಂದು ನಾವು ಬರೆದುಕೊಡುವ ತನಕ ಆತ ಬೀಗ ತೆಗೆಯುವುದಿಲ್ಲ. ಇದರಲ್ಲಿ ನಗು ಬರುವಂಥದ್ದು ಏನಾದರೂ ಇದೆ ಎಂದು ಅವನಿಗೆ ಅನ್ನಿಸಿದಂತಿರಲಿಲ್ಲ.

ಹದಿನೇಳನೇ ತಾರೀಕು ನಡೆದದ್ದು ಬೇರೆ. ನಮ್ಮ ಜೊತೆ ನಾಲ್ಕನೆಯವನಾಗಿ ಇಸ್ತ್ರಿ ರೋಲರಿಗೆ ಬೆಡ್‌ಶೀಟು ಕೊಡುತ್ತಿದ್ದವನ ಬಲಗೈ ಒಳಗೆ ಹೋಯಿತು. ರೋಲರಿನ ಮೇನ್ ಸ್ವಿಚ್ಚು ಇರುವುದು ಹೊರಗೆ, ಕಾರಿಡಾರಿನ ಗೋಡೆಯಲ್ಲಿ. ನಮ್ಮ ಮೂವರಲ್ಲೊಬ್ಬನಾದ ಭಾವ ಕಬ್ಬಿಣದ ಸಲಾಕೆ ಹಾಕಿ ಬೆಲ್ಟು ಕಿತ್ತ. ರೋಲರು ನಿಂತಿತು, ಅದರ ಕಾವು ನಿಲ್ಲಲಿಲ್ಲ. ನಾವು ಬಾಗಿಲು ಬಡಿದೆವು. ಕೀಲಿ ಹುಡುಕಿಕೊಂಡು ಯಾರೋ ಬರುವಷ್ಟರಲ್ಲಿ ಒಂಬತ್ತು ನಿಮಿಷ.

ಮೂರು ಸಹಿ ಬಿದ್ದರೆ ತಪ್ಪು ಅವನದು. ಆಸ್ಪತ್ರೆಯ ಮಂಚದಿಂದ ಅವನು ನೇರ ಬೀದಿಗೆ.

ಅವನನ್ನು ನಾವು ಪಾಸ್‌ವರ್ಡು ಎಂದೇ ಕರೆಯುತ್ತಿದ್ದೆವು. ವಾಷಿಂಗ್ ಮೆಷೀನು ನೋಡಿಕೊಳ್ಳುವ ಭಾವನ ಹೆಂಡತಿಯ ತಮ್ಮ. ಅವನು 'ಭಾವ' ಅಂದದ್ದಕ್ಕೆ ಇಡೀ ನೆಲಮಾಳಿಗೆಯೇ ಭಾವ ಅನ್ನತೊಡಗಿತ್ತು. ಬಟ್ಟೆಯ ಗಾಡಿ ತಳ್ಳುವವನಿಗೆ ಗಾಡಿ ಎಂದೇ ಹೆಸರು. ಮಡಚುವ ಮೇಜಿನ ಹತ್ತಿರ ನಾನು, ಇಬ್ಬರಿಗೂ ಅಕ್ಕ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನನ್ನ ಏಪ್ರನ್ ಜೇಬಿನಲ್ಲಿದ್ದ ಹಾಳೆಗೆ ಆಗಲೇ ಸಹಿ ಬಿದ್ದಿತ್ತು. ಬೆಳಿಗ್ಗೆ ನನ್ನೊಬ್ಬಳನ್ನೇ ಮೇಲೆ ಕರೆಸಿ, ಕುರ್ಚಿ ಕೊಟ್ಟು, ನೀರು ಕೊಟ್ಟು, "ಮಗಳು ಚೆನ್ನಾಗಿ ಓದ್ತಾಳಂತೆ. ಸಿಬ್ಬಂದಿ ವಸತೀಲೇ ಅಲ್ವಾ ನೀವಿರೋದು?" ಎಂದು ಕೇಳಿದ. ಅಷ್ಟೇ. ಪೆನ್ನನ್ನೂ ಅವನೇ ಕೊಟ್ಟ. ಹಾಳೆ ಮಾತ್ರ ತೆಗೆದುಕೊಳ್ಳಲಿಲ್ಲ. "ಕೆಳಗೆ ಎಲ್ಲರ ಜೊತೆ ಕೊಡಿ, ನಿಮ್ಮನ್ನ ನೋಡಿ ಅವರೂ ಮಾಡ್ತಾರೆ" ಅಂದ.

ಯಾರೂ ಹಾಳೆಯ ಮಾತೆತ್ತಲಿಲ್ಲ. ಡ್ರೈಯರಿನಿಂದ ಬಿಸಿ ಬೆಡ್‌ಶೀಟುಗಳ ರಾಶಿ ಬಂತು, ನಾನು ಮಡಚತೊಡಗಿದೆ. ಸುಮ್ಮನಿರಲಾರದವನು ಗಾಡಿ. ಅವನು ಶುರುಮಾಡಿದ್ದು ಎಂದಿನ ಜಗಳವನ್ನೇ.

"ಏನೇ ಹೇಳಕ್ಕ, 'ಕಂದೀಲು' ಅಂದ್ರೆ ಮೂರನೇ ಭಾಗ. ಉಳಿದಿದ್ದೆಲ್ಲ ಬೂಸಾ."

'ಕಂದೀಲು' ನಮ್ಮ ವಸತಿಯ ಟಿವಿ ಕೋಣೆಯಲ್ಲಿ ಆಡುವ ವಿಡಿಯೋ ಆಟ. ಕೈಯಲ್ಲಿ ಕಂದೀಲು ಹಿಡಿದವನೊಬ್ಬ ಭೂಮಿಯೊಳಗಿನ ಪಟ್ಟಣದಿಂದ ಮೇಲೆ ಬರಲು ದಾರಿ ಹುಡುಕುತ್ತಾನೆ. ಏಳು ಭಾಗ ಬಂದಿವೆ, ಏಳರಲ್ಲೂ ಪಾಪದವನು ಮತ್ತೆ ಒಳಗೇ ಇರುತ್ತಾನೆ.

"ಮೂರರಲ್ಲಿ ಏನಿದೆ? ಎಲ್ಲ ಗೋಡೆನೂ ಹತ್ತಬಹುದು. ಹತ್ತೋಕೆ ಬಂದ್ರೆ ಅದು ಗೋಡೆನಾ?" ಅಂದೆ.

"ಅದೇ ಅದರ ಮಜಾ. ಬೀಗ ಹಾಕಿದಾರಾ, ಹಾಕ್ಕೊಳ್ಳಿ. ನಾನು ಮೇಲಿಂದ ಹೋಗ್ತೀನಿ." ಹೇಳುತ್ತಾ ಅವನ ಕಣ್ಣು ಗೋಡೆಯ ಮೂಲೆಯ ಸಾಮಾನು ಲಿಫ್ಟಿನ ಕಡೆ ಹೋಯಿತು. ಮಡಚಿದ ಬಟ್ಟೆ ಮೇಲಿನ ಮಹಡಿಗಳಿಗೆ ಹೋಗುವುದು ಅದರಲ್ಲಿ. ಒಂದು ಕಟ್ಟು ಬೆಡ್‌ಶೀಟು ಹಿಡಿಸುವಷ್ಟೇ ಅಗಲ.

"ಮೊದಲು ಆ ಹೊಟ್ಟೆ ಇಳಿಸು," ಅಂದೆ. "ಐದನೇ ಭಾಗಕ್ಕೆ ಸಾಟಿ ಇಲ್ಲ ಮಾರಾಯ. ಇಬ್ಬರಿಲ್ಲದೆ ಒಂದು ಬಾಗಿಲೂ ತೆಗೆಯಲ್ಲ. ಒಬ್ಬರು ಕಲ್ಲಿನ ಮೇಲೆ ನಿಂತ್ಕೋಬೇಕು, ಆಗ ಇನ್ನೊಬ್ಬರು ದಾಟಬೇಕು."

"ನಿಂತವರು ಅಲ್ಲೇ ಉಳೀತಾರೆ."

"ದಾಟಿದವರು ಆಚೆಯಿಂದ ಇನ್ನೊಂದು ಕಲ್ಲು ಒತ್ತಿ ಕರ್ಕೋತಾರೆ."

"ಮರೆತುಬಿಟ್ರೆ?"

ಜೇಬಿನ ಹಾಳೆ ತೊಡೆಗೆ ಒತ್ತುತ್ತಿತ್ತು.

"ನಮ್ಮ ಪಾಸ್‌ವರ್ಡು ಇದ್ದಿದ್ರೆ ಇಷ್ಟೊತ್ತಿಗೆ ಒಂದನೇ ಭಾಗ, ಒಂದನೇ ಭಾಗ ಅಂತ ಪ್ರಾಣ ತಿಂದಿರ್ತಿದ್ದ," ಗಾಡಿ ನಕ್ಕ. "ಆಟ ನಿಲ್ಸಿದಲ್ಲಿಂದ ಮುಂದುವರಿಸೋಕೂ ಬರದ ಆಟ. ಪಾಸ್‌ವರ್ಡು ಬರ್ಕೋ, ನಾಳೆ ಅದನ್ನ ಒತ್ತು. ಬರ್ಕೊಳ್ಳದೆ ಇದ್ರೆ ಮತ್ತೆ ಓನಾಮದಿಂದ. ಹುಚ್ಚ, ಇಲ್ಲೂ ಬರೀತಿದ್ದ ನೋಡು."

ಹೌದು, ಬರೆಯುತ್ತಿದ್ದ. ಹೊಸ ಬೆಡ್‌ಶೀಟು ದಿನಕ್ಕೊಂದಾದರೂ ಬಳಕೆಗೆ ಬರುತ್ತದೆ, ಅದರ ಮೂಲೆಯ ಹೊಲಿಗೆಯ ಮೇಲೆ ತಿಂಗಳು, ವರ್ಷ ಹಾಕುವುದು ರೂಢಿ. ಎಷ್ಟು ಒಗೆದರೂ ಹೋಗದ ಮಸಿಯ ಪೆನ್ನು ಅದಕ್ಕೆಂದೇ ಇದೆ, ಅದು ಅವನ ಕೈಯಲ್ಲಿರುತ್ತಿತ್ತು. ತಿಂಗಳು, ವರ್ಷದ ಪಕ್ಕದಲ್ಲಿ ಅವನು ಇರುವೆ ಸಾಲಿನಂತೆ ಇನ್ನೂ ಹತ್ತು ಅಂಕಿ ಸೇರಿಸುತ್ತಿದ್ದ. ಏನಪ್ಪಾ ಅದು ಅಂದರೆ, "ಬರೆದಿಟ್ಟುಕೊಳ್ಳದವನು ಮತ್ತೆ ಮೊದಲಿನಿಂದ ಆಡಬೇಕು" ಅನ್ನುತ್ತಿದ್ದ. ಆಟದ ಹುಚ್ಚು ಅಂತ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಆ ಹೆಸರು ಬಿದ್ದದ್ದೂ ಅದರಿಂದಲೇ.

"ಇಲ್ಲಿ ನೋಡಿ," ಗಾಡಿ ರಾಶಿಯಿಂದ ಒಂದು ಮೂಲೆ ಎಳೆದು ಓದಿದ. "1202050630. ಇದನ್ನ ಒತ್ತಿದ್ರೆ ಯಾವ ಗುಹೆ ತೆಗೆಯುತ್ತೋ."

ಅಲ್ಲಿಯವರೆಗೆ ಮೆಷೀನಿಗೆ ಒರಗಿ ಕೂತಿದ್ದ ಭಾವ ಮೊದಲ ಸಲ ಬಾಯಿ ತೆರೆದ. ಅವನ ಹಾಳೆ ಮೊಣಕಾಲ ಮೇಲಿತ್ತು, ಖಾಲಿ.

"ನೀವಿಬ್ರೂ ಒಂದನೇ ಭಾಗ ಆಡಿದೀರಾ?"

ಇಬ್ಬರೂ ಆಡಿರಲಿಲ್ಲ. ನಾನು ಐದರಿಂದ ಬಂದವಳು, ಗಾಡಿ ಮೂರರಿಂದ. ಒಂದನ್ನು ಜರೆಯಲು ಅದನ್ನು ಆಡಿರಲೇಬೇಕು ಅಂತ ನಮಗೆ ಎಂದೂ ಹೊಳೆದಿರಲಿಲ್ಲ.

"ಆಟದ ಮೆಷೀನು ಇದ್ದಿದ್ದು ನಮ್ಮ ಮನೇಲಿ," ಭಾವ ಹೇಳಿದ. "ಮದುವೆಯಾದ ಹೊಸದು. ನನ್ನ ಬಾಮೈದ ಶಾಲೆ ಮುಗಿಸಿ ನೇರ ಬರೋನು. ಅವನೂ ನನ್ನ ಹೆಂಡತೀನೂ, ಅಕ್ಕ ತಮ್ಮ, ನೋಟುಬುಕ್ಕಲ್ಲಿ ಪಾಸ್‌ವರ್ಡು ಬರ್ಕೊಳ್ಳೋರು. ಬರ್ಕೊಳ್ಳೋದಲ್ಲ, ಬಿಡಿಸೋದು. ಚಂದ್ರ, ಹಾವು, ಹೂಜಿ, ಕೀಲಿ. ಎಲ್ಲಾ ಚಿತ್ರ. ಅದರಲ್ಲಿ ಅಂಕಿ ಇರಲೇ ಇಲ್ಲ."

ಡ್ರೈಯರು ಒಂದು ಸುತ್ತು ಮುಗಿಸಿ ನಿಂತಿತು.

"ಮತ್ತೆ ಇದೇನು?" ಗಾಡಿಯ ಕೈಯಲ್ಲಿ ಮೂಲೆ ಹಾಗೇ ಇತ್ತು.

ನಾನು ಇನ್ನೊಂದು ಎಳೆದೆ. 0902100635. ಮತ್ತೊಂದು. 1402050640. ಕೊನೆಯ ನಾಲ್ಕಂಕಿ ಎಲ್ಲದರಲ್ಲೂ ಆರೂವರೆಯ ಆಸುಪಾಸು. ನಡುವಿನ ನಾಲ್ಕು ಎರಡರ ಆಸುಪಾಸು. ಆರೂವರೆಗೆ ಏನಾಗುತ್ತದೆ ಎಂದು ಈ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಸದ್ದಿಗಾಗಿ ನಮ್ಮ ಮೈಯೆಲ್ಲ ಕಿವಿಯಾಗಿರುತ್ತದೆ.

"ತಾರೀಕು," ಅಂದೆ. "ಬೀಗ ಹಾಕಿದ ಹೊತ್ತು. ತೆಗೆದ ಹೊತ್ತು."

ಮೂವರೂ ರಾಶಿಗೆ ಕೈ ಹಾಕಿದೆವು. ಮೂಲೆ, ಮೂಲೆ, ಮೂಲೆ. ನೂರ ನಲವತ್ತು ಕೋಣೆಗಳ ಹಾಸಿಗೆಗಳಲ್ಲಿ, ಮಲಗಿದವರ ಕಾಲಡಿಯಲ್ಲಿ, ದಿನ ದಿನದ ಬೀಗವೂ ಬರೆದಿತ್ತು. ಅದನ್ನು ನಾವೇ ದಿನವೂ ಒಗೆದು, ಒಣಗಿಸಿ, ನಗುತ್ತಾ ಮಡಚಿ ಮೇಲೆ ಕಳಿಸಿದ್ದೆವು.

ಮಡಚುವ ಮೇಜಿನ ಕೆಳಗೆ ಒಂದು ಹೊಸ ಬೆಡ್‌ಶೀಟು ಮೂರು ದಿನದಿಂದ ಹಾಗೇ ಬಿದ್ದಿತ್ತು. ಅದರ ಮೂಲೆ ಬಿಡಿಸಿದೆ. 170205. ಅಷ್ಟೇ. ಮುಂದಿನ ನಾಲ್ಕಂಕಿಗೆ ಅವನು ಬಿಟ್ಟ ಜಾಗ ಬೆಳ್ಳಗಿತ್ತು.

ಭಾವ ಅದನ್ನು ಕೈಗೆ ತೆಗೆದುಕೊಂಡು ಆ ಜಾಗದ ಮೇಲೆ ಬೆರಳಾಡಿಸಿದ. ಆಮೇಲೆ ತನ್ನ ಹಾಳೆಯನ್ನು ನಾಲ್ಕಾಗಿ ಮಡಚಿ ಮೆಷೀನಿನ ಸೋಪಿನ ಡಬ್ಬಿಯೊಳಗೆ ತುರುಕಿದ. ಗಾಡಿಯೂ ತನ್ನದನ್ನು ಅಲ್ಲೇ ತುರುಕಿದ.

"ಅಕ್ಕ, ನಿಂದು?"

ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಸಹಿ ಅವರಿಬ್ಬರಿಗೂ ಕಂಡಿತು. ಗಾಡಿಯ ನಗು ಇಳಿಯಿತು. ಭಾವ ಬೈಯುತ್ತಾನೆಂದು ಕಾದೆ, ಅವನು ಬೈಯಲಿಲ್ಲ.

"ಮಗಳ ವಿಷಯ ಎತ್ತಿದ್ನಾ?" ಅಂತ ಮಾತ್ರ ಕೇಳಿದ.

ತಲೆಯಾಡಿಸಿದೆ.

"ಹರಿದುಹಾಕು," ಗಾಡಿ ಅಂದ.

ಹರಿದರೆ ಇನ್ನೊಂದು ಅಚ್ಚು ಮಾಡಿಸುತ್ತಾನೆ, ಇನ್ನೊಂದು ಕುರ್ಚಿ, ಇನ್ನೊಂದು ಲೋಟ ನೀರು. ನಾನೂ ಇನ್ನೊಂದು ಸಹಿ ಹಾಕಿಬಿಡುತ್ತೇನೆ. ನನ್ನ ಕೈಯನ್ನು ನಾನು ನೋಡಿ ಆಗಿತ್ತು. ಮೇಜಿನ ಪೆಟ್ಟಿಗೆಯಿಂದ ಪಾಸ್‌ವರ್ಡಿನ ಪೆನ್ನು ತೆಗೆದೆ. ಅಚ್ಚಾಗಿದ್ದ ಸಾಲುಗಳ ಮೇಲೆ ಒಂದೊಂದೇ ಗೆರೆ ಎಳೆದೆ. ಮೇಲಿನ ಖಾಲಿಯಲ್ಲಿ ಬರೆದೆ: ದಿನವೂ ಎರಡರಿಂದ ಆರೂವರೆಯವರೆಗೆ ಬೀಗ. ಹದಿನೇಳರಂದು ಕೈ ರೋಲರಿನೊಳಗಿದ್ದಾಗಲೂ ಬೀಗ, ಒಂಬತ್ತು ನಿಮಿಷ. ಸ್ವಿಚ್ಚು ಹೊರಗೆ. ದಿನಗಳು ಬೆಡ್‌ಶೀಟುಗಳ ಮೂಲೆಯಲ್ಲಿವೆ, ನೋಡಿ. ಕೆಳಗೆ ನನ್ನ ಸಹಿ ಬೆಳಿಗ್ಗೆಯಿಂದ ಇದ್ದ ಜಾಗದಲ್ಲೇ ಇತ್ತು. ಗಾಡಿ ಅದರ ಪಕ್ಕ ತನ್ನದು ಹಾಕಿದ. ಭಾವ ಎರಡು ಸಲ ತಿದ್ದಿ ಹಾಕಿದ.

ಹಾಳೆಯನ್ನು ಅರ್ಧ ಬರೆದ ಬೆಡ್‌ಶೀಟಿನೊಳಗೆ ಮಡಚಿ, ಸಾಮಾನು ಲಿಫ್ಟಿನಲ್ಲಿಟ್ಟು, ಮೇಲಿನ ಮಹಡಿಯ ಗುಂಡಿ ಒತ್ತಿದೆ. ಹಾಸಿಗೆ ಹಾಸುವ ಹೆಂಗಸರಲ್ಲಿ ಯಾರ ಕೈಗೆ ಸಿಗುತ್ತದೋ, ಅವರು ಇನ್‌ಸ್ಪೆಕ್ಟರಿಗೆ ಕೊಡುತ್ತಾರೋ, ಮ್ಯಾನೇಜರಿಗೇ ಒಪ್ಪಿಸುತ್ತಾರೋ. ಹಗ್ಗ ಕಿರುಗುಟ್ಟುತ್ತಾ ಮೇಲೆ ಹೋದ ಸದ್ದು ಕೇಳಿಸಿತು, ಮತ್ತೇನೂ ಕೇಳಿಸಲಿಲ್ಲ.

ನಾಲ್ಕೂವರೆಗೆ ಬಾಗಿಲು ಬಡಿದ ಸದ್ದು.

"ಆಯ್ತಾ?"

"ಆಯ್ತು ಸಾರ್," ನಾನೇ ಹೇಳಿದೆ. "ಮೇಲೆ ಕಳಿಸಿದೀವಿ."

"ಮೇಲೆ ಅಂದ್ರೆ?"

ಕೀಲಿಗೊಂಚಲು ಒಮ್ಮೆ ಗಲ್ಲೆಂದಿತು. ಬೀಗಕ್ಕೆ ಬರುತ್ತದೆಂದುಕೊಂಡೆವು. ಬೂಟಿನ ಸಪ್ಪಳ ಮೆಟ್ಟಿಲ ಕಡೆ ಓಡಿತು.

ರೋಲರಿನ ಪಕ್ಕ ಮೂವರೂ ನೆಲದ ಮೇಲೆ ಕೂತೆವು. ಕಾವು ಗೋಡೆಗೆ ಹತ್ತುತ್ತಿತ್ತು.

"ಒಂದನೇ ಭಾಗದಲ್ಲಿ ಅವನು ಹೊರಗೆ ಬರ್ತಾನಾ ಭಾವ?" ಗಾಡಿ ಕೇಳಿದ.

"ಗೊತ್ತಿಲ್ಲ. ನಾವು ಕೊನೆ ಮುಟ್ಟಲಿಲ್ಲ. ಅಕ್ಕ ತಮ್ಮಂದು ಆಗ ಎರಡನೇ ನೋಟುಬುಕ್ಕು ನಡೀತಿತ್ತು."

ನಾನು ಹೊಸ ಬೆಡ್‌ಶೀಟೊಂದನ್ನು ತೊಡೆಯ ಮೇಲೆಳೆದುಕೊಂಡು ಮೂಲೆಯಲ್ಲಿ ಬರೆದೆ: 200205. ಪೆನ್ನಿನ ಮುಚ್ಚಳ ಹಾಕಲಿಲ್ಲ.