ಏಳನೇ ನಂಬರಿನ ಪಾತಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಯಂತ್ರದ ಮುಂದೆ ನಿಂತವಳಿಗೆ ಐವತ್ತೊಂದನೇ ವಯಸ್ಸಿನಲ್ಲಿ ಕ್ಯಾರೆಟ್ ಬೆಳೆಯುವ ಹುಚ್ಚು ಹಿಡಿಯಿತು. ಅವಳನ್ನು ಮನೆಯಲ್ಲೂ ಹೊರಗೂ ಹೆಚ್ಚಿನವರು ಅಕ್ಕ ಅಂತಲೇ ಕರೆಯುತ್ತಿದ್ದರು. ತಂಗಿ ಹಾಗೆ ಕರೆದು ಕರೆದು ಊರಿಗೆಲ್ಲ ಅದೇ ರೂಢಿಯಾಗಿತ್ತು. ಅಕ್ಕ ಮದುವೆಯಾಗಿರಲಿಲ್ಲ. ಸೊಂಟ ಮುರಿದು ಕುರ್ಚಿ ಹಿಡಿದಿದ್ದ ಅಮ್ಮನನ್ನು ನೋಡಿಕೊಂಡು ಮೊದಲನೇ ಮಹಡಿಯಲ್ಲಿದ್ದಳು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ತಂಗಿಯ ಸಂಸಾರ.

ಕಟ್ಟಡದ ಹಿಂದೆ ಮುರಿದ ಬಾಗಿಲು, ತುಕ್ಕು ಹಿಡಿದ ನೀರಿನ ಟ್ಯಾಂಕು ಬಿದ್ದಿದ್ದ ಜಾಗವೊಂದಿತ್ತು. ನಿವಾಸಿಗಳ ಸಂಘದವರು ಅದನ್ನು ಸ್ವಚ್ಛ ಮಾಡಿಸಿ ಹನ್ನೆರಡು ಪಾತಿ ಮಾಡಿದರು. ಚೀಟಿ ಎತ್ತಿದಾಗ ಅಕ್ಕನಿಗೆ ಏಳನೆಯದು ಬಂತು. ಒಂದೇ ನಿಯಮ: ಮೂರು ತಿಂಗಳಾದರೂ ಪಾತಿ ಬೋಳಾಗಿದ್ದರೆ ಕಾಯುತ್ತಿರುವವರ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ.

"ನೀನಾ? ಪಾತಿನಾ?" ಅಮ್ಮ ನಕ್ಕಳು. "ನಿನ್ನ ಕೈ ಬಿಸಿ ಕಣೇ. ಗಿಡಕ್ಕಾಗಲ್ಲ. ತಂಗಿಗೆ ಕೊಟ್ಟುಬಿಡು."

ಇದು ಹೊಸ ಮಾತೇನಲ್ಲ. ಅಕ್ಕನಿಗೆ ಎಂಟು ವರ್ಷವಿದ್ದಾಗ ಅವಳು ನೀರು ಹಾಕುತ್ತಿದ್ದ ಗುಲಾಬಿ ಗಿಡ ಒಣಗಿತ್ತು. ಅದೇ ವಾರ ತಂಗಿ ಆಟಕ್ಕೆಂದು ನೆಲಕ್ಕೆ ಚುಚ್ಚಿದ ಕಡ್ಡಿ ಚಿಗುರಿತ್ತು. ಆವತ್ತೇ ಅಮ್ಮ ತೀರ್ಪು ಕೊಟ್ಟಿದ್ದಳು: ಚಿಕ್ಕವಳದು ಕೈಗುಣ, ದೊಡ್ಡವಳದು ಕೈಬಿಸಿ. ಆಮೇಲೆ ಮನೆಗೆ ಬಂದ ಯಾವ ಗಿಡವನ್ನೂ ಅಕ್ಕನಿಗೆ ಮುಟ್ಟಗೊಡಲಿಲ್ಲ. ಪಾತ್ರೆ, ಬಟ್ಟೆ, ಔಷಧಿ, ಅಮ್ಮನನ್ನು ಎತ್ತಿ ಕೂರಿಸುವುದು, ಇದಕ್ಕೆಲ್ಲ ಬಿಸಿ ಕೈಯೇ ಆಗುತ್ತಿತ್ತು.

ಉಳಿದವರೆಲ್ಲ ನಾಲ್ಕು ದಿನಕ್ಕೆ ತಲೆ ಎತ್ತುವ ಮೂಲಂಗಿ, ಸೊಪ್ಪು ಹಾಕಿದರು. ಅಕ್ಕ ಕ್ಯಾರೆಟ್ಟೇ ಆರಿಸಿಕೊಂಡಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಅದು ಬೆಳೆಯುವುದು ಮಣ್ಣಿನೊಳಗೆ. ಬಾಲ್ಕನಿಯಲ್ಲಿ ಕೂತ ಅಮ್ಮನ ಕಣ್ಣಿಗೆ ಬೀಳದ ಜಾಗದಲ್ಲಿ.

ಆದರೆ ಬೋಳು ಮಣ್ಣು ಕಾಣುತ್ತಿತ್ತಲ್ಲ! ಅಮ್ಮ ದಿನಾ ವರದಿ ಕೊಡುವಳು. "ಆರನೆಯದರಲ್ಲಿ ಎಲೆ ಬಂತು. ಎಂಟನೆಯದು ಕಾಡಾಗಿದೆ. ನಿನ್ನದು ಅಂಗೈ ಹಾಗಿದೆ."

ಒಂದೂವರೆ ತಿಂಗಳಾದರೂ ಏನೂ ಬರದಿದ್ದಾಗ ಆರನೇ ಪಾತಿಯ ಕಂಡಕ್ಟರ್ ಹತ್ತಿರ ಬಂದ. ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದವನು, ಈಗ ದಿನವಿಡೀ ಮಣ್ಣಿನಲ್ಲೇ ಕೂತಿರುತ್ತಿದ್ದ.

"ಎಷ್ಟು ಆಳಕ್ಕೆ ಹಾಕಿದ್ರಿ, ಅಕ್ಕಾ?"

ಅಕ್ಕ ಬೆರಳಿನ ಎರಡು ಗೆಣ್ಣು ತೋರಿಸಿದಳು. ಕಂಡಕ್ಟರ್ ಹಣೆ ಚಚ್ಚಿಕೊಂಡ.

"ಇದೇನು ಹುರುಳಿಕಾಯಿನಾ? ಧೂಳಿನಷ್ಟು ಬೀಜ. ಅಷ್ಟು ಆಳದಿಂದ ಮೇಲೆ ಬರೋಕೆ ಅದಕ್ಕೆ ಉಸಿರೆಲ್ಲಿದೆ? ಪೊಟ್ಟಣ ತೋರಿಸಿ." ತೋರಿಸಿದಳು. ಬೀಜದ ಅವಧಿ ಮುಗಿದು ಎರಡು ವರ್ಷವಾಗಿತ್ತು.

ಎರಡನೇ ಸಲ ಹೊಸ ಬೀಜ ತಂದು, ಮರಳಿನ ಜೊತೆ ಬೆರೆಸಿ, ಗೀರಿದ ಸಾಲಿನಲ್ಲಿ ಉದುರಿಸಿ, ಜರಡಿ ಹಿಡಿದ ಮಣ್ಣನ್ನು ಬರೀ ತೆಳ್ಳಗೆ ಮುಚ್ಚಿದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನೀರು ಹಾಕಿ ಹೋದರೆ ಸಂಜೆ ಬರುವಷ್ಟರಲ್ಲಿ ಮೇಲಿನ ಮಣ್ಣು ಒಣಗಿ ಹೆಪ್ಪುಗಟ್ಟಿರುತ್ತಿತ್ತು. ಮೂರು ವಾರ ಕಾದಳು. ಒಂದು ಕಡೆ ಕೆದಕಿ ನೋಡಿದರೆ, ಮೊಳಕೆ ಬಂದ ಬೀಜಗಳು ಆ ಗಟ್ಟಿ ಪದರದ ಕೆಳಗೆ ತಲೆ ಬಾಗಿಸಿ ಸತ್ತಿದ್ದವು. ಅವಳು ಸುಮಾರು ಹೊತ್ತು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಬಂದಿದ್ದವಲ್ಲ! ತನ್ನ ಕೈಯಿಂದ ಬಿದ್ದ ಬೀಜ ಮೊಳೆತಿತ್ತಲ್ಲ!

"ಮೂರು ವಾರ ಮಣ್ಣು ಒಂದು ಗಳಿಗೆನೂ ಒಣಗಬಾರದು," ಅಂದ ಕಂಡಕ್ಟರ್. "ಅಷ್ಟೇ ಗುಟ್ಟು. ಆಮೇಲೆ ಬೆರಳುದ್ದ ಬಂದಾಗ ತೆಳು ಮಾಡಬೇಕು. ಎರಡು ಬೆರಳಿಗೊಂದು ಗಿಡ ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತು ಬಿಸಾಕಬೇಕು. ಕರುಳು ಚುರುಕ್ ಅನ್ನುತ್ತೆ. ಆದ್ರೂ ಕೀಳಬೇಕು. ಇಲ್ಲಾಂದ್ರೆ ಒಂದಕ್ಕೊಂದು ಸುತ್ತಿಕೊಂಡು ಯಾವುದೂ ದಪ್ಪ ಆಗಲ್ಲ."

ಮೂರನೇ ಸಲ ಅಕ್ಕ ಹರಿದು ಎಸೆಯಲಿದ್ದ ಆಸ್ಪತ್ರೆಯ ಬೆಡ್‌ಶೀಟುಗಳನ್ನು ಮೇಲ್ವಿಚಾರಕಿಯನ್ನು ಕೇಳಿ ತಂದಳು. ನಾಲ್ಕು ಮಡಿಕೆ ಮಾಡಿ, ನೆನೆಸಿ, ಬಿತ್ತಿದ ಸಾಲುಗಳ ಮೇಲೆ ಹಾಸಿದಳು. ಬೆಳಿಗ್ಗೆ ಐದೂವರೆಗೆ ಎದ್ದು, ಬಟ್ಟೆ ಸರಿಸಿ, ತೂತಿನ ಡಬ್ಬದಿಂದ ತುಂತುರು ಹಾಕಿ, ಮತ್ತೆ ಹೊದಿಸುವಳು. ಸಂಜೆಯೂ ಅದೇ. ಹತ್ತು ದಿನವಾಯಿತು, ಹದಿನಾಲ್ಕಾಯಿತು.

"ಹೆಣಕ್ಕೆ ಹೊದಿಸಿದ ಹಾಗೆ ಹೊದಿಸಿದ್ದೀಯ," ಅಂದಳು ಅಮ್ಮ.

ಹದಿನಾರನೇ ದಿನಕ್ಕೆ ಮೂರು ತಿಂಗಳು ತುಂಬಿತು. ಸಂಘದ ಕಾರ್ಯದರ್ಶಿ ಕೈಯಲ್ಲಿ ಪಟ್ಟಿ ಹಿಡಿದು ಬಂದ. ಅಕ್ಕ ಬಟ್ಟೆ ಸರಿಸಿ ತೋರಿಸಿದಳು. ಒದ್ದೆ ಮಣ್ಣು, ಅಷ್ಟೇ.

"ಇನ್ನೊಂದು ವಾರ ಕೊಡಿ. ಬಂದೇ ಬರುತ್ತೆ."

"ಮೇಡಂ, ನಂಗೇನು ನಿಮ್ಮ ಮೇಲೆ ದ್ವೇಷವಾ? ನಿಮಗೆ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ. ಪಟ್ಟಿಯಲ್ಲಿ ಮುಂದಿನ ಹೆಸರು..." ಅವನು ಕನ್ನಡಕ ಸರಿಮಾಡಿಕೊಂಡ. "ನಿಮ್ಮ ತಂಗಿಯವರದ್ದೇ ಅಲ್ವಾ!"

ಅಕ್ಕನಿಗೆ ಅದು ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕ ತಂಗಿ ಕೈ ಹಿಡಿದುಕೊಂಡಳು. "ಬೇಜಾರಾಗ್ಬೇಡ ಅಕ್ಕಾ. ಯಾರದೋ ಪಾಲಾಗೋ ಬದಲು ಮನೆಯಲ್ಲೇ ಉಳೀಲಿ ಅಂತ ಅಮ್ಮನೇ ಹೆಸರು ಕೊಡು ಅಂದ್ಳು."

"ಒಂದೇ ಒಂದು ಕೆಲಸ ಮಾಡು," ಅಂದಳು ಅಕ್ಕ. "ಒಂದು ವಾರ ಆ ಬಟ್ಟೆ ತೆಗೀಬೇಡ. ಅಗೀಬೇಡ. ಬೆಳಿಗ್ಗೆ ಸಂಜೆ ಒದ್ದೆ ಮಾಡು. ಆಮೇಲೆ ನಿನಗೆ ಬೇಕಾದ್ದು ಹಾಕ್ಕೋ."

ತಂಗಿ ಹಾಗೇ ಮಾಡಿದಳು. ಅದನ್ನು ಅಲ್ಲಗಳೆಯುವ ಹಾಗಿಲ್ಲ. ಐದು ದಿನ, ಎರಡು ಹೊತ್ತೂ.

ಐದನೇ ದಿನ ಅಕ್ಕ ಕೆಲಸ ಮುಗಿಸಿ ಬಂದಾಗ ಹಿತ್ತಲಲ್ಲಿ ನಾಲ್ಕು ಜನ ಸೇರಿದ್ದರು. ಏಳನೇ ಪಾತಿಯ ತುಂಬ ಹಸಿರು ನೂಲಿನಂಥ ಮೊಳಕೆಗಳು, ಸಾಲು ಸಾಲಾಗಿ, ಒತ್ತೊತ್ತಾಗಿ. ಬಾಲ್ಕನಿಯಿಂದ ಅಮ್ಮನ ದನಿ ಇಡೀ ಕಟ್ಟಡಕ್ಕೆ ಕೇಳುತ್ತಿತ್ತು.

"ನೋಡಿದ್ರಾ? ಮೂರು ತಿಂಗಳು ಆಗದ್ದು ಐದೇ ದಿನಕ್ಕೆ! ಕೈಗುಣ ಅಂದ್ರೆ ಇದು!"

"ಅಮ್ಮಾ, ಅದು ನಾನು ಹಾಕಿದ ಬೀಜ," ಅಕ್ಕ ಕೆಳಗಿನಿಂದಲೇ ಕೂಗಿದಳು. "ಹಾಕಿ ಇಪ್ಪತ್ತೊಂದು ದಿನವಾಯ್ತು. ಅದು ಬರೋದೇ ಹಾಗೆ."

"ನೀನು ಮೂರು ಸಲ ಹಾಕಿದೆ. ಬಂತಾ?"

ಅಕ್ಕ ತಂಗಿಯ ಕಡೆ ತಿರುಗಿದಳು. ಒಂದು ಮಾತು ಸಾಕಿತ್ತು. ತಂಗಿ ಒದ್ದೆ ಬಟ್ಟೆ ಹಿಂಡುತ್ತಾ ನಕ್ಕಳು. "ಬಿಡಮ್ಮಾ, ಯಾರು ಹಾಕಿದ್ರೇನು, ಬಂತಲ್ಲ."

ಸುತ್ತ ನಿಂತವರೂ ನಕ್ಕರು. ಅಕ್ಕ ಮೇಲೆ ಹೋಗಿ ಅಮ್ಮನ ಕಾಲಿಗೆ ಎಣ್ಣೆ ಹಚ್ಚಿದಳು.

ಅದೇ ವಾರ ಕಂಡಕ್ಟರ್ ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಹೊರಟುಹೋದ. ಬರುವುದು ಮೂರು ತಿಂಗಳಾಗುತ್ತದೆ ಅಂದ. ಕ್ಯಾರೆಟ್ ಗಿಡಗಳು ಬೆರಳುದ್ದವಾದವು, ಗೇಣುದ್ದವಾದವು. ಕಾರ್ಯದರ್ಶಿ ಫೋಟೋ ತೆಗೆದು ಸೂಚನಾ ಫಲಕದಲ್ಲಿ ಅಂಟಿಸಿದ. ಕೆಳಗೆ ತಂಗಿಯ ಮನೆಯ ನಂಬರು, "ಮಾದರಿ ಪಾತಿ" ಎಂಬ ಎರಡು ಮಾತು. ಅಕ್ಕ ದಿನಾ ಅದರ ಮುಂದೆಯೇ ಹಾದು ಕೆಲಸಕ್ಕೆ ಹೋಗಬೇಕಿತ್ತು.

ಒಂದು ಭಾನುವಾರ ತಂಗಿ ಕೆಳಗೆ ಬಂದಳು. ಅಕ್ಕ ಅಮ್ಮನ ರವಿಕೆ ಇಸ್ತ್ರಿ ಮಾಡುತ್ತಿದ್ದಳು.

"ಅಕ್ಕಾ, ಅದು ತುಂಬಾ ಒತ್ತಾಗಿ ಬಂದಿದೆ. ಹೀಗೇ ಬಿಡೋದಾ, ಏನಾದ್ರೂ ಮಾಡಬೇಕಾ? ನಿಂಗೆ ಕಂಡಕ್ಟರ್ ಏನೋ ಹೇಳ್ತಿದ್ರಲ್ಲ."

ಅಕ್ಕ ತೋಳಿನ ಮಡಿಕೆ ಬಿಡಿಸಿ, ಇಸ್ತ್ರಿಪೆಟ್ಟಿಗೆ ಒತ್ತಿ ಎಳೆದಳು. ಹೇಳಬೇಕಾದ್ದು ಅಷ್ಟುದ್ದದ ವಾಕ್ಯವೂ ಅಲ್ಲ. ನಾಲಿಗೆಯ ತುದಿಯವರೆಗೆ ಬಂದೂ ಇತ್ತು.

"ಇರ್ಲಿ ಬಿಡು," ಅಂದಳು. "ಚೆನ್ನಾಗೇ ಇದೆಯಲ್ಲ."

ತಂಗಿ ಹೋದ ಮೇಲೆ ಅದೇ ತೋಳಿಗೆ ಮತ್ತೊಮ್ಮೆ ಇಸ್ತ್ರಿ ಎಳೆದಳು. ಬದುಕಿನಲ್ಲಿ ಮೊದಲ ಸಲ ತನ್ನ ಕೈಯಲ್ಲೂ ಏನೋ ಇದೆ ಅನ್ನಿಸಿತ್ತು. ಮುಂದಿನ ವಾರಗಳಲ್ಲಿ ಎಷ್ಟೋ ಸಲ ಹೇಳಿಬಿಡೋಣ ಅಂದುಕೊಂಡಳು. ಹೇಳಿದ್ದರೆ ಇನ್ನೂ ಸಮಯವಿತ್ತು. ಆ ಫೋಟೋ ಕಂಡಾಗೆಲ್ಲ ಬಾಯಿ ಕಟ್ಟುತ್ತಿತ್ತು.

ಕೀಳುವ ದಿನ ತಂಗಿ ಹಬ್ಬದ ಹಾಗೆ ಎಲ್ಲರನ್ನೂ ಕರೆದಳು. ಅಮ್ಮನನ್ನು ಕುರ್ಚಿ ಸಮೇತ ಕೆಳಗೆ ಇಳಿಸಿದರು. ಹೊತ್ತವರಲ್ಲಿ ಅಕ್ಕನೂ ಒಬ್ಬಳು. ಕಾರ್ಯದರ್ಶಿ ಫೋನ್ ಎತ್ತಿ ಹಿಡಿದು ನಿಂತ. ತಂಗಿ ಸೊಂಪಾದ ಎಲೆಗಳ ಬುಡಕ್ಕೆ ಕೈ ಹಾಕಿ ಎಳೆದಳು.

ಬಂದದ್ದು ಇಲಿಯ ಬಾಲ. ಬೆಳ್ಳಗೆ, ಸಣ್ಣಗೆ, ಮೂರು ನಾಲ್ಕು ಒಂದಕ್ಕೊಂದು ಹೆಣೆದುಕೊಂಡಿದ್ದವು. ಯಾರೋ ಕಿಸಕ್ಕನೆ ನಕ್ಕರು. ತಂಗಿ ಇನ್ನೊಂದು ಹಿಡಿ ಕಿತ್ತಳು, ಮತ್ತೊಂದು ಸಾಲಿಗೆ ಹೋದಳು, ಮೊಣಕಾಲೂರಿ ಬೇಗ ಬೇಗ ಕೀಳತೊಡಗಿದಳು. ಎಲ್ಲ ಸಾಲಿನಲ್ಲೂ ಅದೇ. ಕಾರ್ಯದರ್ಶಿ ಫೋನು ಜೇಬಿಗೆ ಹಾಕಿಕೊಂಡ.

ಅಮ್ಮ ನಿಟ್ಟುಸಿರು ಬಿಟ್ಟಳು. "ಬೀಜ ದೊಡ್ಡವಳದ್ದಲ್ವಾ? ಮತ್ತೇನಾಗುತ್ತೆ? ಪಾಪ, ಇವಳು ಎಷ್ಟು ಮಾಡಿದ್ರೂ ಅಷ್ಟೇ."

ಮೊಳೆತಾಗ ಅಕ್ಕನದಲ್ಲದ ಬೀಜ ಈಗ ಅಕ್ಕನದಾಯಿತು. ಅಕ್ಕನಿಗೆ ನಗು ಬಂತು. ತಡೆದುಕೊಳ್ಳಲಾಗದೆ ಜೋರಾಗಿ ನಕ್ಕಳು. ಎಲ್ಲರೂ ತಿರುಗಿ ನೋಡಿದರು.

"ಹೂಂ ಅಮ್ಮಾ, ಬೀಜ ನಂದೇ. ಈಗಲಾದ್ರೂ ಒಪ್ಪಿಕೊಂಡೆಯಲ್ಲ. ಇನ್ನೊಂದು ಕೇಳು. ಗಿಡ ಚಿಕ್ಕದಿದ್ದಾಗ ಮುಕ್ಕಾಲು ಪಾಲು ಕಿತ್ತು ಬಿಸಾಕಬೇಕಿತ್ತು. ನಂಗದು ಗೊತ್ತಿತ್ತು. ಇವಳು ಬಂದು ಕೇಳಿದಾಗ ಹೇಳ್ಲಿಲ್ಲ."

ತಂಗಿ ಮಣ್ಣಿನ ಕೈಯಲ್ಲೇ ಎದ್ದು ನಿಂತಳು.

"ಗೊತ್ತಿತ್ತಾ?"

"ಗೊತ್ತಿತ್ತು."

"ನಾನೇ ಬಂದು ಕೇಳಿದ್ನಲ್ಲ ಅಕ್ಕಾ."

"ನಾನೂ ಮೊಳಕೆ ಬಂದವತ್ತು ನಿನ್ನ ಮುಖ ನೋಡಿದ್ನಲ್ಲ. ಒಂದು ಮಾತು ಹೇಳಿದ್ಯಾ?"

ತಂಗಿ ಕೈಯ ಮಣ್ಣು ಉಜ್ಜಿಕೊಂಡಳು. "ಬಂದ್ರೆ ನಿಂಗೇ ವಾಪಸ್ ಕೊಡೋಣ ಅಂತ ನೀರು ಹಾಕಿದ್ದೆ. ಆ ಐದು ದಿನ ನಿನಗೋಸ್ಕರ ಹಾಕಿದ್ದು."

"ಮತ್ಯಾಕೆ ಕೊಡ್ಲಿಲ್ಲ?"

ಹೊಗಳಿಸಿಕೊಂಡ ಮೇಲೆ ವಾಪಸ್ ಕೊಡುವುದು ಎಷ್ಟು ಕಷ್ಟ ಅನ್ನುವುದು ಅಕ್ಕನಿಗೆ ಹೇಗೆ ತಿಳಿಯಬೇಕು? ಅವಳಿಗೆ ಆ ಅಭ್ಯಾಸವಿರಲಿಲ್ಲ. ತಂಗಿ ಕಿತ್ತದ್ದನ್ನೆಲ್ಲ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಜನ ಒಬ್ಬೊಬ್ಬರೇ ಕರಗಿದರು. ಅಮ್ಮನನ್ನು ಮೇಲೆ ಹೊರಲು ಇಬ್ಬರು ಸಾಲದೆ ಅಕ್ಕ ಕಾರ್ಯದರ್ಶಿಯನ್ನೇ ಕರೆಯಬೇಕಾಯಿತು.

ಮರುವಾರ ತಂಗಿ ಪಾತಿ ಬೇಡವೆಂದು ಬರೆದುಕೊಟ್ಟಳು. ಪಟ್ಟಿಯಲ್ಲಿ ಬೇರೆ ಹೆಸರಿರಲಿಲ್ಲ. ಏಳನೆಯದು ಮತ್ತೆ ಅಕ್ಕನಿಗೆ ಬಂತು. ಅವಳು ಬಿತ್ತಿದಳು, ಬಟ್ಟೆ ಹೊದಿಸಿದಳು, ಹದಿಮೂರನೇ ದಿನಕ್ಕೆ ಮೊಳಕೆ ಕಂಡಳು. ಊರಿನಿಂದ ವಾಪಸಾದ ಕಂಡಕ್ಟರ್ ಪಕ್ಕದಲ್ಲಿ ಕೂತು ನೋಡುತ್ತಿರುವಾಗ ಒಂದೊಂದೇ ಕಿತ್ತು ತೆಳು ಮಾಡಿದಳು. "ಕೈ ನಡುಗೋದೇ ಇಲ್ವಲ್ಲ ನಿಮಗೆ," ಅಂದ ಅವನು. ಅಕ್ಕ ಮುಂದಿನದನ್ನು ಕಿತ್ತಳು.

ತಂಗಿ ಈಗ ಕೆಳಗೆ ಬರುವುದು ಅಕ್ಕ ಕೆಲಸದಲ್ಲಿದ್ದಾಗ ಮಾತ್ರ. ಮನೆಗೆ ಬಂದರೆ ಒಂದು ಲೋಟ ತೊಳೆದು ಮಗುಚಿಟ್ಟಿರುತ್ತಿತ್ತು. ಅಮ್ಮನ ಕೂದಲು ಬಾಚಿರುತ್ತಿತ್ತು. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆಯ ಕಡೆ ಸರಿಯುತ್ತಿದ್ದರು.

ಆ ಸಲದ ಕ್ಯಾರೆಟ್ ಎರಡು ಬಕೆಟ್ ಬಂತು. ಹೆಬ್ಬೆರಳ ಗಾತ್ರ, ನೆಟ್ಟಗೆ, ಕೆಂಪಗೆ. ಒಂದು ಚೀಲದ ತುಂಬ ಆರಿಸಿಕೊಂಡು ಅಕ್ಕ ಮೂರನೇ ಮಹಡಿಗೆ ಹೋದಳು. ಬಾಗಿಲು ತೆರೆದ ತಂಗಿ ಮೊದಲು ಚೀಲ ನೋಡಿದಳು, ಆಮೇಲೆ ಅಕ್ಕನನ್ನು.

"ಒಳ್ಳೇದು," ಅಂದಳು. "ನಮ್ಮನೇಲಿದೆ. ನಿನ್ನೆ ತಾನೇ ಅಂಗಡಿಯಿಂದ ತಂದ್ವಿ."

ಬಾಗಿಲು ಬಡಿಯಲಿಲ್ಲ. ಮೆಲ್ಲಗೆ, ಚಿಲಕದ ಸದ್ದೂ ಆಗದ ಹಾಗೆ ಹಾಕಿಕೊಂಡಳು. ಅಕ್ಕ ಕೆಳಗಿಳಿಯುವಾಗ ಎರಡನೇ ಮಹಡಿಯ ಅಜ್ಜಿಯ ಬಾಗಿಲ ಮುಂದೆ ಚೀಲ ಇಟ್ಟು ಬಂದಳು.

"ತಗೊಂಡ್ಳಾ?" ಕೇಳಿದಳು ಅಮ್ಮ.

"ತಗೊಂಡ್ಳು."

"ಏನಂದ್ಳು?"

"ತುಂಬಾ ಚೆನ್ನಾಗಿ ಬಂದಿದೆ ಅಂದ್ಳು."

ಅಮ್ಮ ಬಕೆಟ್ಟಿನ ಕಡೆ ಕೈ ಚಾಚಿದಳು. ಅಕ್ಕ ಒಂದು ಎತ್ತಿ ಕೊಟ್ಟಳು. ಅಮ್ಮ ಅದನ್ನು ಸೆರಗಿನಿಂದ ಒರೆಸಿ, ತಿರುಗಿಸಿ ತಿರುಗಿಸಿ ನೋಡಿ, ತಲೆಯಾಡಿಸಿದಳು.

"ಹೌದು, ಚೆನ್ನಾಗಿದೆ. ಚಿಕ್ಕವಳು ಸುಮ್ಮನೆ ಹೇಳೋಳಲ್ಲ. ಅವಳಿಗೆ ಇದೆಲ್ಲ ಗೊತ್ತಾಗುತ್ತೆ."

ಅಕ್ಕ ಬಕೆಟ್ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಮ್ಮನಿಗೆ ಹಲ್ಲಿರಲಿಲ್ಲ, ಮೆತ್ತಗೆ ಬೇಯಿಸಬೇಕಿತ್ತು. ನೀರು ಒಲೆಗಿಟ್ಟು ಚಾಕು ಹುಡುಕಿದಳು.